ಕಾಪುವಿನ ಪ್ಲಗ್ಗು, ಕಾರ್ಕಳದ ರಿಪೋರ್ಟು

ನಮ್ಮ ಕರಾವಳಿಯಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳದ ಮನೆಯಿಲ್ಲ. ಟಿ.ವಿ., ಫ್ರಿಜ್, ಮಿಕ್ಸಿ, ಮೋಡೆಮ್ ಎಲ್ಲದರ ಬಾಲವೂ ಗೋಡೆಯಿಂದ ಕೆಳಗಿಳಿಯುತ್ತದೆ. ಒಂದೇ ಸಿಡಿಲಿಗೆ ಮನೆಯ ವೈರಿಂಗ್ ಸುಟ್ಟುಹೋದದ್ದನ್ನು ಕಂಡವರು ನಾವು. ಆದರೆ ನಮ್ಮ ರಕ್ತಪರೀಕ್ಷೆಯ ಲ್ಯಾಬಿಗೆ ಕಂಪ್ಯೂಟರ್ ವ್ಯವಸ್ಥೆ ಹಾಕಿಕೊಟ್ಟ ಬುದ್ಧಿವಂತರು ಹೊರಗಿನವರು. ಅವರ ನಕ್ಷೆಯಲ್ಲಿ ಭೂಕಂಪಕ್ಕೂ ಉತ್ತರವಿತ್ತು, ಗುಡುಗಿಗೆ ಇರಲಿಲ್ಲ.

ಮುಖ್ಯ ಲ್ಯಾಬು ಮಣಿಪಾಲದಲ್ಲಿ. ಅಲ್ಲಿನ ಸರ್ವರ್ ನೋಡಿಕೊಳ್ಳುವವಳು ನಾನು. ಇನ್ನೊಂದು ಲ್ಯಾಬು ಕಾರ್ಕಳದಲ್ಲಿ. ಒಂದು ಕಡೆ ದಾಖಲಾದ ರಿಪೋರ್ಟಿನ ಪ್ರತಿ ಆ ಕ್ಷಣವೇ ಇನ್ನೊಂದು ಕಡೆಗೆ ಹೋಗುತ್ತಿತ್ತು. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸಬೇಕು. ಆದರೆ ಎರಡೂ ನೆಟ್ಟಗಿದ್ದು ನಡುವಿನ ಕೇಬಲ್ ಮಾತ್ರ ತುಂಡಾದರೆ? ಇದು ಅದು ಸತ್ತಿತೆಂದುಕೊಳ್ಳುತ್ತದೆ, ಅದು ಇದು ಸತ್ತಿತೆಂದುಕೊಳ್ಳುತ್ತದೆ. ಎರಡೂ ತಾನೇ ಯಜಮಾನ ಎಂದು ಹೊರಟರೆ ಒಂದು ಒರೆಯಲ್ಲಿ ಎರಡು ಕತ್ತಿ. ಅದಕ್ಕೆಂದೇ ಕಾಪುವಿನಲ್ಲಿ ರಕ್ತ ತೆಗೆದುಕೊಳ್ಳುವ ನಮ್ಮ ಸಣ್ಣ ಕೇಂದ್ರದಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದರು. ಅಂಥ ಹೊತ್ತಿನಲ್ಲಿ ನೀನು ನಡೆಸು, ನೀನು ನಿಲ್ಲು ಎಂದು ತೀರ್ಪು ಕೊಡುವುದು ಅದರ ಕೆಲಸ.

ದೀಪಾವಳಿಗೆ ಮುಂಚಿನ ದಿನಗಳು. ಮಧ್ಯಾಹ್ನವೇ ಆಕಾಶ ಕಪ್ಪಾಗಿ ಗುಡುಗು ಮಳೆ ಹೊಡೆಯಿತು. ಹಿರಿಯಡ್ಕದ ಹತ್ತಿರ ಮರ ಬಿದ್ದು ಕೇಬಲ್ ತುಂಡಾಯಿತು. ಕಾಪುವಿನಿಂದ ತೀರ್ಪು ಬರಲಿಲ್ಲ. ತೀರ್ಪು ಬಾರದಿದ್ದರೆ ಎರಡೂ ತಾವಾಗಿಯೇ ನಿಲ್ಲುವಂತೆ ಮಾಡಿದ್ದರು, ನಮ್ಮ ಸರ್ವರ್ ನಿಂತಿತು. ಹಾಗಾದರೆ ಮಣಿಪಾಲ ಕೈಯಾರೆ ಚಾಲೂ ಮಾಡಬೇಕು, ಕಾರ್ಕಳ ನಮ್ಮ ಮಾತಿಗೆ ಕಾಯಬೇಕು ಎಂಬುದು ನಿಯಮ. ನಾನು ಚಾಲೂ ಮಾಡಿದೆ. ಕಾರ್ಕಳಕ್ಕೆ ಹೇಳೋಣವೆಂದರೆ ಅಲ್ಲಿನ ಮೊಬೈಲಿಗೆ ಸಿಗ್ನಲ್ ಇಲ್ಲ, ಅಲ್ಲಿನ ಲ್ಯಾಂಡ್‌ಲೈನ್ ಬರೀ ಗೊರಗೊರ ಎನ್ನುತ್ತಿತ್ತು. ಕಾಪುವಿಗೆ ಮಾತ್ರ ಫೋನ್ ಹೋಯಿತು. ಕೇಂದ್ರ ನೋಡಿಕೊಳ್ಳುವ ಕೊಂಕಣಿ ಹೆಂಗಸು, ನಾವೆಲ್ಲ ಬಾಯಮ್ಮ ಎಂದು ಕರೆಯುವವರು, ಎತ್ತಿಕೊಂಡರು.

"ಬಾಯಮ್ಮ, ಆ ಪೆಟ್ಟಿಗೆಯ ದೀಪ ಉರಿಯುತ್ತಾ ಉಂಟಾ?"

"ಗುಡುಗು ಶುರುವಾದ ಕೂಡಲೇ ಪ್ಲಗ್ ತೆಗೆದಿಟ್ಟೆ ಮಾರಾಯ್ತಿ. ಅಷ್ಟು ದುಬಾರಿಯದ್ದು ಸುಟ್ಟುಹೋದರೆ ನಾಳೆ ನನಗೇ ಬೈತೀರಿ, ಅಲ್ವಾ?"

ನನ್ನ ಮೈಯೆಲ್ಲ ಉರಿಯಿತು. ಈಗಲೇ ಹಾಕಿ ಎಂದು ಕಿರುಚಿದೆ. "ಈಗ ಹೇಗೆ ಹಾಕುವುದು? ಮಿಂಚುತ್ತಾ ಉಂಟು" ಎಂದರು ಸಮಾಧಾನದಿಂದ. ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ನನ್ನ ಮನೆಯಲ್ಲೂ ಅಷ್ಟು ಹೊತ್ತಿಗೆ ಅಮ್ಮ ಎಲ್ಲ ಪ್ಲಗ್ ತೆಗೆದು ಕೂತಿರುತ್ತಾರೆ.

ಮಳೆ ಸ್ವಲ್ಪ ಬಿಟ್ಟ ಮೇಲೆ ಕಾರ್ಕಳದ ಟೆಕ್ನಿಶಿಯನ್ನೇ ಫೋನ್ ಮಾಡಿದರು. "ಮೇಡಂ, ಹೆದರಬೇಡಿ. ಇಲ್ಲಿ ಎಲ್ಲ ಸರಿ ಉಂಟು. ಕೆಲಸ ನಡೀತಾ ಉಂಟು."

ಎಲ್ಲ ಸರಿ ಉಂಟು ಎಂಬ ಮಾತಿಗೆ ನಾನು ಅಷ್ಟು ಹೆದರಿದ್ದು ಜನ್ಮದಲ್ಲಿ ಅದೊಂದೇ ಸಲ. ಅಲ್ಲಿ ಕೆಲಸ ನಡೆಯಬಾರದಿತ್ತು.

"ಯಾರು ಚಾಲೂ ಮಾಡಿದ್ದು?"

"ನಾನೇ. ನೀವು ಫೋನಿಗೆ ಸಿಕ್ಕಲೇ ಇಲ್ಲ. ಜನ ಬೊಬ್ಬೆ ಹಾಕ್ತಾ ಇದ್ರು."

ಸಿಟ್ಟನ್ನು ನುಂಗಿಕೊಂಡು, ಅರ್ಜೆಂಟಿನದ್ದು ಏನಾದರೂ ಇತ್ತೇ ಎಂದು ಕೇಳಿದೆ.

"ಅಜೆಕಾರಿನ ಒಬ್ರು ತುಂಬು ಗರ್ಭಿಣಿ. ಪ್ಲೇಟ್‌ಲೆಟ್ ಬೆಳಿಗ್ಗೆ ಲಕ್ಷದ ಮೇಲೆ ಇತ್ತು, ಈಗ ನೋಡಿದ್ರೆ ನಲವತ್ತೆಂಟು ಸಾವಿರ. ಮಗುವಿನ ಎದೆಬಡಿತ ಕಡಿಮೆ ಆಯ್ತು ಅಂತ ರಿಪೋರ್ಟ್ ಆಗುವ ಮೊದಲೇ ಇಲ್ಲಿಯ ಡಾಕ್ಟ್ರು ಸಿಸೇರಿಯನ್ನಿಗೆ ಉಡುಪಿಯ ಹೆರಿಗೆ ಆಸ್ಪತ್ರೆಗೆ ಕಳಿಸಿದ್ರು. ನಾನು ಕಂಪ್ಯೂಟರಿಗೆ ಹಾಕಿದ್ದೇನೆ. ಅಲ್ಲಿ ಡಾಕ್ಟ್ರು ನೋಡ್ತಾರಲ್ಲ."

ನೋಡುತ್ತಾರೆ. ಆದರೆ ಉಡುಪಿಯ ಆ ಹೆರಿಗೆ ಆಸ್ಪತ್ರೆಯವರು ನೋಡುವುದು ಮಣಿಪಾಲದ ಪ್ರತಿಯನ್ನು. ನನ್ನ ಪರದೆ ತೆರೆದೆ. ಅದರಲ್ಲಿ ಬೆಳಗಿನ ಲಕ್ಷ ಮಾತ್ರ ಇತ್ತು. ಲ್ಯಾಬಿನಲ್ಲಿ ಇಷ್ಟು ವರ್ಷ ಇದ್ದವಳಿಗೆ ಇಷ್ಟಾದರೂ ಗೊತ್ತು: ಸಿಸೇರಿಯನ್ನಿಗೆ ಅರಿವಳಿಕೆ ಕೊಡಲು ಬೆನ್ನುಹುರಿಯ ಬಳಿ ಸೂಜಿ ಚುಚ್ಚುತ್ತಾರೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಅಷ್ಟು ಕಡಿಮೆಯಿದ್ದರೆ ಒಳಗೇ ರಕ್ತ ಸುರಿದು ಕಾಲುಗಳ ಸ್ವಾಧೀನ ಶಾಶ್ವತವಾಗಿ ತಪ್ಪಿಹೋಗಬಹುದು. ಆಸ್ಪತ್ರೆಯ ನಂಬರು ಎಷ್ಟು ಸಲ ಒತ್ತಿದರೂ ಎಂಗೇಜ್. ಆಂಬುಲೆನ್ಸ್ ಪರ್ಕಳ ದಾಟಿ ನಮ್ಮ ಬಾಗಿಲ ಮುಂದೆಯೇ ಹೋಗಿರಬೇಕು.

ಸ್ಕೂಟರ್ ತೆಗೆದೆ. ಇಂದ್ರಾಳಿ ಸೇತುವೆಯ ಹತ್ತಿರ ವಾಹನಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಬಸ್ಸಿನ ಬದಿಯಿಂದ, ಚರಂಡಿಯ ಅಂಚಿನಿಂದ ನುಸುಳಿದೆ. ಬೈದವರಿಗೆಲ್ಲ ತಿರುಗಿ ಬೈದೆ. ನಲವತ್ತೆಂಟು ಸಾವಿರ, ನಲವತ್ತೆಂಟು ಸಾವಿರ ಎಂದು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಿದ್ದೆ.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನರ್ಸ್ ತಡೆದರು. ನನ್ನ ಗಲಾಟೆಗೆ ಅರಿವಳಿಕೆಯ ಡಾಕ್ಟರೇ ಕೈಗವಸು ಹಾಕಿಕೊಂಡು ಹೊರಗೆ ಬಂದರು. ಸೂಜಿ ಚುಚ್ಚಿದ್ದೀರಾ ಎಂದೆ. ಇನ್ನೂ ಇಲ್ಲ, ನೀವು ಯಾರು ಎಂದರು. ಹೇಳಿದೆ.

"ಸ್ಕ್ರೀನಿನಲ್ಲಿ ಲಕ್ಷದ ಮೇಲೆ ಉಂಟಲ್ಲ?"

"ಅದು ಬೆಳಗಿನದ್ದು ಡಾಕ್ಟ್ರೇ. ಈಗಿನದ್ದು ಕಾರ್ಕಳದಲ್ಲೇ ಉಳಿದಿದೆ."

"ರಿಪೋರ್ಟ್ ಎಲ್ಲಿ?"

ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಾನೇ ಕಾದುಕೊಂಡು ಬಂದ ಕಂಪ್ಯೂಟರು ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಪುನಃ ರಕ್ತ ನೋಡುವಷ್ಟು ಹೊತ್ತು ಮಗುವಿಗೆ ಇಲ್ಲ ಎಂದರು ಅವರು.

"ಹಾಗಾದರೆ ನೋಡಬೇಡಿ, ಸೂಜಿ ಮಾತ್ರ ಬೇಡ. ಕೈ ಮುಗಿಯುತ್ತೇನೆ." ನನಗೆ ಅಳು ಬಂದಿತ್ತು. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಬಾಗಿಲು ತಳ್ಳಿ, ಸೂಜಿ ಬೇಡ, ಪೂರ್ತಿ ಎಚ್ಚರ ತಪ್ಪಿಸಿಯೇ ಮಾಡುವ, ಪ್ಲೇಟ್‌ಲೆಟ್ ತರಿಸಿ ಎನ್ನುತ್ತಾ ಒಳಗೆ ಹೋದರು.

ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಗರ್ಭಿಣಿಯ ತಾಯಿ. ನಾನೂ ಅವರ ಪಕ್ಕದಲ್ಲಿ ಕುಸಿದೆ. ಕೊನೆಗೆ ಒಳಗಿನಿಂದ ಮಗುವಿನ ಅಳು ಕೇಳಿತು. ಇನ್ನೂ ಸ್ವಲ್ಪ ಹೊತ್ತಿಗೆ ನರ್ಸ್ ಬಂದು, ಹೆಣ್ಣು ಮಗು, ತಾಯಿಗೆ ತೊಂದರೆಯಿಲ್ಲ, ರಕ್ತ ಪುನಃ ನೋಡಿದ್ದೇವೆ, ನಲವತ್ತೊಂದು ಸಾವಿರಕ್ಕೆ ಇಳಿದಿತ್ತು ಎಂದರು.

ಆ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ನೀವು ಆ ಲ್ಯಾಬಿನವರಲ್ವಾ? ಕಾಗದ ಸಿಗುವ ತನಕ ನಾನೊಬ್ಬಳು ಇಲ್ಲೇ ನಿಲ್ತೇನೆ, ಹಿಂದಿನಿಂದ ಬಸ್ಸಿನಲ್ಲಿ ತರ್ತೇನೆ ಅಂತ ಕಾರ್ಕಳದ ಲ್ಯಾಬಿನವರಿಗೆ ಎಷ್ಟು ಹೇಳಿದೆ. ಬೇಡಮ್ಮ, ನೀವು ಮುಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಅಲ್ಲಿಗೆ ಮುಟ್ತದೆ ಅಂದ್ರು." ದೂರುವ ದನಿಯೇ ಅಲ್ಲ. ನನ್ನ ಕೈ ಹಿಡಿದುಕೊಂಡರು. "ಅವರು ಹೇಳಿದ ಹಾಗೇ ಆಯ್ತು ನೋಡಿ. ಮುಟ್ಟಿತಲ್ಲ."