ಗೀಟಣ್ಣ ಮುಟ್ಟದ ಗೀಟುಗಳು
ನಮ್ಮ ಹಾಡಿನ ಸ್ಟುಡಿಯೋದಲ್ಲಿ ಗೀಟಣ್ಣ ಅಂತ ಒಬ್ಬನಿದ್ದಾನೆ, ಅವನೆದುರು ಚಪ್ಪಾಳೆ ತಟ್ಟಲೂ ನಮಗೆ ಎದೆ ಡವಡವ. ಡ್ರಮ್ಮಿನ ಒಂದೊಂದು ಏಟು ಶುರುವಾಗುವ ಕಡೆ ಅವನ ಕಂಪ್ಯೂಟರು ತಾನೇ ಪರದೆಯ ಮೇಲೆ ಒಂದೊಂದು ಗೀಟು ಹಾಕುತ್ತದೆ. ಪಾಪ, ಕೆಮ್ಮನ್ನೂ ಏಟೆಂದೇ ನಂಬುತ್ತದೆ. "ಇದು ಏಟಲ್ಲ ಕಣಯ್ಯಾ, ನಿನ್ನ ಗಂಟಲು!" ಎಂದು ಕೆಮ್ಮಿದವನನ್ನು ಗದರಿ ಆ ಗೀಟನ್ನು ಗೀಟಣ್ಣ ಅಳಿಸುತ್ತಾನೆ, ಕೂದಲೆಳೆಯಷ್ಟು ತಡವಾದ ಏಟನ್ನು ಕಿವಿ ಹಿಂಡಿದ ಹಾಗೆ ಎಳೆದು ತಾಳಕ್ಕೆ ಕೂರಿಸುತ್ತಾನೆ. ಮನೆಯಲ್ಲಿ ಚಮಚ ಕೈಜಾರಿ ಬಿದ್ದರೂ "ತಡ!" ಅನ್ನುತ್ತಾನಂತೆ. ಮೊನ್ನೆ ಡ್ರಮ್ ಬಾರಿಸಿದವಳು ಅವನ ಸ್ವಂತ ಅಕ್ಕ. ಕಾಯಿಲೆಯಿಂದ ಎದ್ದ ಮೇಲೆ ಅವಳ ಎಡಗೈ ಸ್ವಲ್ಪ ಹಿಂದೆ ಬೀಳುತ್ತಿತ್ತು. "ಕಾಫಿ ಕುಡಿದು ಬರ್ತೀನಿ. ಈ ಸಲವೂ ಹೊಂದಲಿಲ್ಲ ಅಂದ್ರೆ ಡ್ರಮ್ಮಿಗೆ ಬೇರೆಯವರನ್ನ ಕರೆಸೋದೇ," ಎಂದು ಸ್ಟುಡಿಯೋ ಯಜಮಾನರು ಹೊರಗೆ ಹೋದರು. ಗೀಟಣ್ಣ ಮೌಸಿಗೆ ಕೈ ಹಾಕಿದ್ದೇ ತಡ, ಅಕ್ಕ ಹಿಂದೆ ಬಂದು ನಿಂತಳು. "ನನ್ನ ಏಟು ಮುಟ್ಟಬೇಡ ಕಣೋ. ನೀನು ತಿದ್ದಿದ್ರೆ ಅದು ನನ್ನ ಕೈ ಅಲ್ಲ." ಗೀಟಣ್ಣ ಬಹಳ ಹೊತ್ತು ಅವಳ ಗೀಟುಗಳನ್ನೇ ನೋಡುತ್ತ ಕುಳಿತ. ಆಮೇಲೆ ಒಂದನ್ನೂ ಅಲುಗಿಸದೆ, ನನ್ನ ಗಿಟಾರನ್ನೂ ಹಾಡುವವಳ ದನಿಯನ್ನೂ ಒಂದೊಂದಾಗಿ ಹಿಂದಕ್ಕೆಳೆದು ಅಕ್ಕನ ಕೈಗೆ ಹೊಂದಿಸಿದ. ಯಜಮಾನರು ಬಂದು, ಕಣ್ಣು ಮುಚ್ಚಿ ಇಡೀ ಹಾಡು ಕೇಳಿದರು. "ಎಲ್ಲಾ ಒಟ್ಟಿಗೇ ಇದೆಯಲ್ಲಯ್ಯಾ! ಯಾರೂ ತಡ ಇಲ್ವಾ?" ಗೀಟಣ್ಣ ಅಕ್ಕನ ಕಡೆ ತಿರುಗಲಿಲ್ಲ. "ಯಾರೂ ತಡ ಇಲ್ಲ, ಯಜಮಾನ್ರೇ," ಎಂದ.