ನಲವತ್ತು ನಿಮಿಷದ ಗಗನಸಖಿ
ರಸ್ತೆಯಲ್ಲಾದರೆ ಅರ್ಧ ದಿನದ ದಾರಿ, ವಿಮಾನದಲ್ಲಿ ನಲವತ್ತೇ ನಿಮಿಷ ಎಂದು ಆ ಎರಡು ಸಣ್ಣ ಊರುಗಳ ಜನ ಹಿಗ್ಗುತ್ತಾರೆ. ಅಷ್ಟರೊಳಗೆ ಎಲ್ಲರಿಗೂ ಚಹಾ ಕೊಟ್ಟು, ಇಳಿಯುವ ಮುಂಚೆ ಕಪ್ಪುಗಳನ್ನೆಲ್ಲ ವಾಪಸು ಪಡೆಯಬೇಕಾದ ಗಗನಸಖಿಯ ಪಾಡು ಯಾರಿಗೆ ಬೇಕು? ಏರುವುದಕ್ಕೆ, ಇಳಿಯುವುದಕ್ಕೆ ಹೋದದ್ದು ಹೋಗಿ ಅವಳ ಪಾಲಿಗೆ ಉಳಿಯುವುದು ಕಾಲು ಗಂಟೆ. ಸೀಟುಬೆಲ್ಟಿನ ದೀಪ ಆರಿದ್ದೇ ತಡ, ತಳ್ಳುಗಾಡಿಯೊಂದಿಗೆ ದಂಡಯಾತ್ರೆ ಹೊರಡುತ್ತಾಳೆ. ಕೊನೆಯ ಸಾಲಿಗೆ ಚಹಾ ಮುಟ್ಟುವಷ್ಟರಲ್ಲಿ ಮೊದಲ ಸಾಲಿನ ಕಪ್ಪುಗಳನ್ನು ವಶಪಡಿಸಿಕೊಳ್ಳುವ ಹೊತ್ತು. “ಇನ್ನೂ ಊದ್ತಾ ಇದ್ದೀನಲ್ಲಮ್ಮಾ!” ಎಂದು ಗೋಗರೆದವರಿಗೆ ಸಿಗುವುದು ಒಂದು ನಗು, ಕಪ್ಪು ಮಾತ್ರ ಆಗಲೇ ಅವಳ ಕೈಯಲ್ಲಿ. ದಿನಕ್ಕೆ ನಾಲ್ಕು ಸಲ ಹೀಗೆ ದಿಗ್ವಿಜಯ ಮುಗಿಸಿ, ಬಾತ ಕಾಲೆಳೆದುಕೊಂಡು ಮನೆಗೆ ಬಂದರೂ ಆ ಕೈ ಸುಮ್ಮನಿರುವುದಿಲ್ಲ. ಅತ್ತೆ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದೇ ಕುಡಿಯುತ್ತಾರೆ. “ನಾವೆಲ್ಲೂ ಇಳಿದು ಹೋಗಲ್ಲ ಕಣೇ, ಇಲ್ಲೇ ಇರ್ತೀವಿ” ಎಂದು ಗಂಡ ಅಂಗಲಾಚುತ್ತಾನೆ. ಕೇಳುವವರಾರು? ಕೊನೆಯ ಲೋಟ ತೊಳೆದಿಟ್ಟಳೋ, ಹಾಸಿಗೆಗೆ ಬಿದ್ದು ಗೊರಕೆ. ಕೊನೆಯ ಲೋಟ ಬರುವ ತನಕ ಮಾತ್ರ ಮಲಗಲಾರಳು. ಈ ಗುಟ್ಟು ಗೊತ್ತಿರುವುದು ಏಳು ವರ್ಷದ ಮಗಳೊಬ್ಬಳಿಗೇ. ತಣ್ಣಗಾಗಿ ಕೆನೆಗಟ್ಟಿದ ಹಾಲಿನ ಒಂದೇ ಒಂದು ಗುಟುಕು ಉಳಿಸಿಕೊಂಡು, ಶಾಲೆಯಲ್ಲಿ ಯಾರು ಬಿದ್ದರು, ಯಾರು ಅತ್ತರು ಎಂಬ ಪುರಾಣ ಬಿಚ್ಚುತ್ತಾಳೆ. ಅಮ್ಮ ಕೈ ಚಾಚಿದರೆ, “ಇನ್ನೂ ಇದೆ ನೋಡು!” ಅಮ್ಮ ಸೋತು ಪಕ್ಕದಲ್ಲಿ ಕೂರುತ್ತಾಳೆ, ತೂಕಡಿಸುತ್ತಲೇ ಹೂಂಗುಟ್ಟುತ್ತಾಳೆ. ಹಾಲೆಂದರೆ ಹುಟ್ಟಿನಿಂದ ಮುಖ ಸಿಂಡರಿಸುವ ಈ ಹುಡುಗಿ, ಅಮ್ಮ ಹೊಸಿಲು ದಾಟುವ ಮೊದಲೇ ಒಳಗಿನಿಂದ ಕೂಗುತ್ತಾಳೆ: “ಅಮ್ಮಾ, ನಂಗೆ ಹಾಲು ಬೇಕು. ದೊಡ್ಡ ಲೋಟದಲ್ಲಿ!”