ಹಾಡುವವರಾದ ಪಕ್ಕದ ಮನೆ ಅತ್ತೆ

ಮೊನ್ನೆ ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಪೂಜೆಗೆಂದು ವೀಳ್ಯದೆಲೆ ಕೊಳ್ಳುತ್ತಿದ್ದೆ. ಅಂಗಡಿಯವನು ಇನ್ಯಾರಿಗೋ ಕೊಡಲು ಹೊಗೆಸೊಪ್ಪಿನ ಡಬ್ಬಿ ತೆರೆದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ಜನ್ನಾಪುರದಲ್ಲಿದ್ದ ನಮ್ಮ ಪಕ್ಕದ ಮನೆ ಅತ್ತೆ ನೆನಪಾದರು.

ಸಂಬಂಧದಲ್ಲಿ ಅತ್ತೆಯೇನಲ್ಲ, ಬೀದಿಯ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದೆವು. ಅವರ ಕೆನ್ನೆಯೊಳಗೆ ಸದಾ ಹೊಗೆಸೊಪ್ಪಿನ ಉಂಡೆ. ಬಾಯಲ್ಲಿ ಹುಣ್ಣಾಗಿ ಡಾಕ್ಟರು ಗದರಿಸಿದ ಮೇಲೆ ಬಿಡಲು ಹೊರಟರು. ಯಾರಾದರೂ ಕೊಡಲು ಬಂದರೆ, "ಬೇಡ ಕಣೇ, ಬಿಡ್ತಾ ಇದೀನಿ" ಎನ್ನುತ್ತಿದ್ದರು. ಸಂಜೆಯಾಗುತ್ತಲೇ ತಾವೇ ಅಮ್ಮನ ಹತ್ತಿರ ಬಂದು, "ಒಂಚೂರು ಇದ್ರೆ ಕೊಡು ಮಾರಾಯ್ತಿ. ನಾನು ಹೊಗೆಸೊಪ್ಪಿನ ಮುದುಕಿ, ಸುಧಾರಿಸೋ ಪೈಕಿ ಅಲ್ಲ" ಎಂದು ನಗುತ್ತಿದ್ದರು. ಆ ನಗು ನೋಡಲು ಕಷ್ಟವಾಗುತ್ತಿತ್ತು...

ಒಮ್ಮೆ ಭಜನಾ ಮಂಡಳಿಯಲ್ಲಿ ಹಾಡಿಸುವವರಿಗೆ ಗಂಟಲು ಕಟ್ಟಿತು. ಹಿಂದೆ ಕೂತು ತಾಳ ಹಾಕುತ್ತಿದ್ದ ಅತ್ತೆಯನ್ನು ಮುಂದಕ್ಕೆ ಎಳೆದು ಕೂರಿಸಿದರು. ಬಾಯಲ್ಲಿದ್ದದ್ದನ್ನು ಉಗಿದು ಬಂದು ಹಾಡಿದರು. ಅಂಥ ದನಿ ಅವರಲ್ಲಿದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ, ಬಹುಶಃ ಅವರಿಗೂ. "ಇನ್ಮೇಲೆ ಹಾಡಿಸೋರು ನೀವೇ" ಎಂದುಬಿಟ್ಟರು ಮಂಡಳಿಯ ಹೆಂಗಸರು.

ಮಾರನೆಯ ದಿನ ಅಮ್ಮ ಎಂದಿನಂತೆ ಎಲೆಅಡಿಕೆ, ಹೊಗೆಸೊಪ್ಪಿನ ತಟ್ಟೆ ಮುಂದಿಟ್ಟಳು. ಅತ್ತೆ ತಟ್ಟೆಯನ್ನೇ ಹಿಂದಕ್ಕೆ ಸರಿಸಿದರು.

"ನಾನು ಹಾಡೋಳು ಮಾರಾಯ್ತಿ. ಹಾಡೋರು ಇದನ್ನ ಹಾಕಲ್ಲ."

"ಯಾವಾಗಿಂದ ಅಕ್ಕಾ?" ಅಮ್ಮ ನಕ್ಕಳು.

"ನಿನ್ನೆಯಿಂದ." ಅತ್ತೆ ನಗಲಿಲ್ಲ.

ಆಮೇಲೆ ಅತ್ತೆಯ ಕೈ ಹೊಗೆಸೊಪ್ಪಿನ ಡಬ್ಬಿಗಾಗಿ ತಡಕಾಡುವ ಹೊತ್ತಿಗೆಲ್ಲ ಅವರ ಮನೆಯಿಂದ ಹಾಡು ಕೇಳಿಬರುತ್ತಿತ್ತು. ಗಂಡ ತೀರಿಕೊಂಡಾಗ ಮಾತ್ರ ಹೊಗೆಸೊಪ್ಪು ಮತ್ತೆ ಬಾಯಿ ಸೇರಿತು. ಇನ್ನು ಮುಗಿಯಿತು ಎಂದುಕೊಂಡೆವು. ಕೆಲವು ವಾರಗಳ ಮೇಲೆ, ಒಂದು ಬೆಳಿಗ್ಗೆ, ಹಿತ್ತಿಲಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸುತ್ತ ನಿಂತಿದ್ದರು. ನನ್ನನ್ನು ಕಂಡು, "ದುಃಖದಲ್ಲಿ ನಾನ್ಯಾರು ಅಂತಾನೇ ಮರ್ತು ಹೋಗಿತ್ತು ಕಣೇ" ಎಂದರು. ಒಳಗೆ ಹೋಗಿ ಒಡೆದ ದನಿಯಲ್ಲೇ ಹಾಡತೊಡಗಿದರು. ಮತ್ತೆ ಕೊನೆಯವರೆಗೂ ಅದನ್ನು ಮುಟ್ಟಲಿಲ್ಲ.

ಹೋದ ವರ್ಷ ಅತ್ತೆ ನಿದ್ದೆಯಲ್ಲೇ ಹೋಗಿಬಿಟ್ಟರು. ವೈಕುಂಠ ಸಮಾರಾಧನೆಯ ದಿನ ಹಳೆಯ ನೆಂಟರೊಬ್ಬರು, "ಪಾಪ, ಹೊಗೆಸೊಪ್ಪಿಲ್ದೆ ಒಂದು ಗಳಿಗೆ ಇರ್ತಿರ್ಲಿಲ್ಲ" ಎಂದು ನೆನೆದರು. ಅತ್ತೆ ಅದನ್ನು ಬಿಟ್ಟ ಮೇಲೆ ಮನೆಗೆ ಬಂದ ಸೊಸೆ ಕಣ್ಣರಳಿಸಿದಳು.

"ನಮ್ಮತ್ತೆನಾ? ಬೇರೆ ಯಾರೋ ಇರ್ಬೇಕು ಬಿಡಿ."

ಎಷ್ಟೋ ದಿನದ ಮೇಲೆ ಅಂದು ನಾನು ನೆಮ್ಮದಿಯಿಂದ ಅತ್ತುಬಿಟ್ಟೆ.

ಈಗಲೂ ಜನ್ನಾಪುರಕ್ಕೆ ಹೋದರೆ ಅವರ ಮನೆ ಮುಂದೆ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ. ಒಳಗೆ ಮಿಕ್ಸಿಯ ಸದ್ದು, ಮೊಮ್ಮಕ್ಕಳ ಗಲಾಟೆ... ಸ್ವಲ್ಪ ಹೊತ್ತು ನಿಂತು, ಮುಂದೆ ಹೋಗುತ್ತೇನೆ.